ದ್ರಾವಕಕ್ಕೆ ಕಾನೂನು ತಿಳಿಯದು

ದೆಹಲಿಯಲ್ಲಿ ನೆಲೆಸಿರುವ ನಮಗೆ ಭಂಗಿಬೀಜದ ಚಟ್ನಿಯ ರುಚಿ ಹತ್ತಿಸಿದವರು ಕುಮಾವೂಂ ಕಡೆಯ ನೆರೆಯವರು. ನಮ್ಮ ಗುರೆಳ್ಳು ಚಟ್ನಿಯ ದೂರದ ನೆಂಟನಂತಿರುವ ಅದರಲ್ಲಿ ಅಮಲಿಲ್ಲ. ಬೀಜವನ್ನು ಗಾಣಕ್ಕೆ ಹಾಕಿದರೂ ಸಿಗುವುದು ಅಡುಗೆಯ ಎಣ್ಣೆಯೇ. ಔಷಧ ತಯಾರಕರು ಅರಸುವ ಕ್ಯಾನಬಿಡಯಾಲ್ ಇರುವುದು ಹೆಣ್ಣು ಹೂವಿನ ಅಂಟುರೋಮಗಳಲ್ಲಿ.

ಅದನ್ನು ಎಥನಾಲಿನಲ್ಲಿ ನೆನೆಸಿ ತೆಗೆಯಬಹುದು. ಆದರೆ ಪತ್ರಹರಿತ್ತು, ಮೇಣಗಳೂ ಬೆನ್ನುಹತ್ತಿ ಬರುತ್ತವೆ. ಇನ್ನೊಂದು ವಿಧಾನ ನಮಗೆ ಬೆರಗಿನದು. ಇಂಗಾಲದ ಡೈಆಕ್ಸೈಡನ್ನು 31 ಡಿಗ್ರಿ ಸೆಲ್ಸಿಯಸ್ ದಾಟಿಸಿ, ವಾಯುಮಂಡಲದ ಸುಮಾರು 73 ಪಟ್ಟಿಗಿಂತ ಹೆಚ್ಚು ಒತ್ತಡದಲ್ಲಿಟ್ಟರೆ ಅದು ಅನಿಲದಂತೆ ನುಸುಳುತ್ತದೆ, ದ್ರವದಂತೆ ಕರಗಿಸುತ್ತದೆ. ಒತ್ತಡ ಇಳಿಸಿದೊಡನೆ ಸಾರವನ್ನು ಬಿಟ್ಟು ತಾನು ಹೊರಟುಹೋಗುತ್ತದೆ. ಅತಿಥಿಯೆಂದರೆ ಹೀಗಿರಬೇಕು!

ತೊಡಕಿರುವುದು ಆ ಸಾರದಲ್ಲಿ. ಉತ್ತರಾಖಂಡವು ಅನುಮತಿಸುವ ಬೆಳೆಯಲ್ಲಿ ಅಮಲೇರಿಸುವ ಟಿಎಚ್‌ಸಿ ಶೇಕಡ 0.3ನ್ನು ಮೀರಬಾರದು. ಅದರ ಅಣುಸೂತ್ರವೂ ಕ್ಯಾನಬಿಡಯಾಲಿನದೂ ಒಂದೇ. ಎರಡೂ ಒಟ್ಟಿಗೆ ಕರಗಿ ಬರುತ್ತವೆ. ಅಂಥ ಹತ್ತು ಕಿಲೋ ಹೂವು ಒಂದು ಕಿಲೋ ಸಾರವಾಯಿತೆನ್ನಿ, ಟಿಎಚ್‌ಸಿ ಶೇಕಡ 3ರ ಹತ್ತಿರಕ್ಕೆ ಏರುತ್ತದೆ. ಹೊಲದಲ್ಲಿ ನಿಯಮಬದ್ಧವಾಗಿದ್ದದ್ದು ಪಾತ್ರೆಯಲ್ಲಿ ಮಿತಿ ಮೀರುತ್ತದೆ. ಯಾರೂ ಏನನ್ನೂ ಬೆರೆಸಿಲ್ಲ, ಸೊಪ್ಪುಸದೆಯನ್ನು ಕಳೆದದ್ದಷ್ಟೇ.

ಕಡತಗಳ ನಡುವೆ ದಿನ ಕಳೆಯುವ ನಾವು ಒಂದೇ ಅಂಕಿಯಲ್ಲಿ ಗಿಡವನ್ನೂ ಸಾರವನ್ನೂ ಅಳೆಯಬಹುದೆಂದು ಸುಲಭವಾಗಿ ನಂಬಿಬಿಡುತ್ತೇವೆ. ಟಿಎಚ್‌ಸಿಯನ್ನು ಬೇರ್ಪಡಿಸಲು ಕ್ರೊಮಟೋಗ್ರಫಿ ಇದೆ. ಆದರೆ ಆ ಯಂತ್ರಕ್ಕೂ ಅದನ್ನು ನಡೆಸಬಲ್ಲ ರಸಾಯನಶಾಸ್ತ್ರಜ್ಞರಿಗೂ ಹಣ ಹಾಕುವ ಶಕ್ತಿ ಬೆಟ್ಟದ ಮೆಟ್ಟಿಲುಹೊಲದ ರೈತನಿಗಿಲ್ಲ. ಹೂವನ್ನು ಅವನು ಹೂವಿನ ಬೆಲೆಗೇ ಮಾರಬೇಕು.