ಎಳೆ ಎಣಿಸುವ ಗಾಜು

ಬನಹಟ್ಟಿಯ ನಮ್ಮ ಕಾಕಾನ ಅಂಗಿಯ ಕಿಸೆಯಲ್ಲಿ ಎರಡು ವಸ್ತು ಸದಾ ಇರುತ್ತಿದ್ದವು. ಒಂದು ತಂಬಾಕಿನ ಚಂಚಿ, ಇನ್ನೊಂದು ಮಡಚುವ ಹಿತ್ತಾಳೆಯ ಭೂತಗನ್ನಡಿ. ಚಂಚಿಯನ್ನು ಯಾರು ಕೇಳಿದರೂ ಕೊಡುತ್ತಿದ್ದ, ಗಾಜನ್ನು ಮಾತ್ರ ಹೆಂಡತಿ ಮುಟ್ಟಿದರೂ ಸಿಡುಕುತ್ತಿದ್ದ. ಅದನ್ನು ಬಿಚ್ಚಿ ಬಟ್ಟೆಯ ಮೇಲಿಟ್ಟರೆ ಕೆಳಗೆ ಒಂದು ಇಂಚಿನ ಚೌಕದ ಕಿಂಡಿ, ಮೇಲೆ ಗಾಜು. ಕಣ್ಣು ಕಿರಿದು ಮಾಡಿ, ಸೂಜಿಯ ತುದಿಯಿಂದ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂದು ಎಣಿಸುತ್ತಿದ್ದ. ‘ಸಾವಕಾರ ಸುಳ್ಳ ಹೇಳಬಹುದು, ಎಳಿ ಹೇಳೂದಿಲ್ಲ’ ಎನ್ನುವುದು ಅವನ ಮಾತು. ಸೀರೆಯ ಲೆಕ್ಕದಲ್ಲಿ ಸಾವಕಾರನ ಜೊತೆ ಅವನಿಗೆ ಜಗಳ ತಪ್ಪಿದ್ದೇ ಇಲ್ಲ.

ಜೀವಶಾಸ್ತ್ರ ಹುಟ್ಟಿದ್ದರಲ್ಲಿ ಇಂಥದೇ ಒಂದು ಗಾಜಿನ ಪಾಲಿದೆ. ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ 1654ರಲ್ಲಿ ಬಟ್ಟೆ ಅಂಗಡಿ ತೆರೆದ ಆಂಟೊನಿ ವಾನ್ ಲೀವೆನ್‌ಹುಕ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಲ್ಯಾಟಿನ್ ಬಾರದವನು. ಬಟ್ಟೆಯ ವ್ಯಾಪಾರದಲ್ಲಿ ನೂಲು ನೋಡಲು ಗಾಜು ಬೇಕೇ ಬೇಕು. ಆ ಹವ್ಯಾಸ ಬೆಳೆದು, ಕಾಳಿನಷ್ಟು ಚಿಕ್ಕ ಗಾಜನ್ನು ತಾನೇ ಉಜ್ಜಿ, ಇನ್ನೂರು ಪಟ್ಟಿಗೂ ಮೀರಿ ದೊಡ್ಡದಾಗಿ ತೋರಿಸುವ ಉಪಕರಣ ಮಾಡಿಕೊಂಡ. 1673ರಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ತನ್ನ ಭಾಷೆಯಲ್ಲೇ ಪತ್ರ ಬರೆಯತೊಡಗಿದ. ನಮ್ಮ ಪಿಯುಸಿ ಪುಸ್ತಕ ಅವನಿಗೆ ಅರ್ಧ ಸಾಲು ಕೊಟ್ಟಿತ್ತು. ಅದರಲ್ಲಿ ಬಟ್ಟೆ ಅಂಗಡಿಯ ಸುದ್ದಿ ಇರಲಿಲ್ಲ. ಇದ್ದಿದ್ದರೆ ಬನಹಟ್ಟಿ, ರಬಕವಿಯ ನೇಕಾರರ ಹುಡುಗರು ಆ ಪಾಠವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದರು ಅನಿಸುತ್ತದೆ.

ನಾನು ಜಮಖಂಡಿಯಲ್ಲಿ ಓದುತ್ತಿದ್ದ ಆ ಕಾಲಕ್ಕೇ ಕಬ್ಬಿಗೆ ಹೇನು ಬಂತು. 2002ರಲ್ಲಿ ಸಾಂಗ್ಲಿ ಕಡೆ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ಗಡಿ ದಾಟಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಬ್ಬಿಗೂ ಹತ್ತಿತು. ಕೃಷ್ಣೆಯ ದಂಡೆಯಲ್ಲಿದ್ದ ನಮ್ಮ ಸೋದರಮಾವನ ಹೊಲಕ್ಕೆ ಹೋದಾಗ ಎಲೆಯ ಅಡಿಗೆಲ್ಲ ಸುಣ್ಣ ಬಳಿದ ಹಾಗಿತ್ತು. ಮೇಲಿನ ಎಲೆಯ ಹೇನು ಸುರಿಸಿದ ಸಿಹಿ ಅಂಟು ಕೆಳಗಿನ ಎಲೆಯ ಮೇಲೆ ಬಿದ್ದು, ಅಲ್ಲಿ ಕಪ್ಪು ಬೂಷ್ಟು ಬೆಳೆದು, ಹೊಲ ನಡೆದು ಬಂದವರ ಧೋತರ ಮಸಿಯಾಗುತ್ತಿತ್ತು. ಆಳಿಗಿಂತ ಎತ್ತರ ಬೆಳೆದ ಕಬ್ಬಿನೊಳಗೆ ಪಂಪು ಹೊತ್ತು ಹೋಗಿ ಎಲೆಯ ಅಡಿಗೆ ಔಷಧ ಹೊಡೆಯುವುದು ಹೇಗೆ?

ಕಾಕಾನನ್ನು ಕಾಡಿ ಬೇಡಿ ತಂದ ಗಾಜನ್ನು ಎಲೆಯ ಮೇಲಿಟ್ಟೆ. ಬಿಳಿಯ ಮೇಣದ ಎಳೆಗಳ ನಡುವೆ ಹೇನುಗಳು ಸೊಂಡಿಲು ಚುಚ್ಚಿ ಒತ್ತೊತ್ತಾಗಿ ಕೂತಿದ್ದವು. ಒಂದರ ಹಿಂಭಾಗದಿಂದ ಮರಿಯೊಂದು ಕಾಲು ಆಡಿಸುತ್ತ ಹೊರಬರುತ್ತಿತ್ತು. ಮೊಟ್ಟೆ ಇಲ್ಲ, ಗಂಡಿನ ಸುಳಿವೂ ಇಲ್ಲ.

ಲೀವೆನ್‌ಹುಕ್ ಕೂಡ ಗಿಡದ ಹೇನಿನಲ್ಲೇ ಸಿಕ್ಕಿಬಿದ್ದಿದ್ದ. ಹೇನಿನ ಹೊಟ್ಟೆ ಸೀಳಿ ಮೊಟ್ಟೆ ಹುಡುಕಿದವನಿಗೆ ತಾಯಿಯನ್ನೇ ಹೋಲುವ ಮರಿಗಳು ಸಿಕ್ಕವು. 1695ರಲ್ಲಿ ಅದನ್ನು ಬರೆದ. ಆದರೆ ಗಂಡಿಲ್ಲದೆ ಮರಿ ಹುಟ್ಟುವುದು ಖರೆಯೇ? ಉತ್ತರಕ್ಕೆ 1740ರ ತನಕ ಕಾಯಬೇಕಾಯಿತು. ಜಿನೀವಾದ ಇಪ್ಪತ್ತರ ಹುಡುಗ ಶಾರ್ಲ್ ಬೊನೆ ಆಗತಾನೇ ಹುಟ್ಟಿದ ಒಂದೇ ಹೇನನ್ನು ಟೊಂಗೆಯೊಂದರ ಮೇಲೆ ಬಿಟ್ಟು ಗಾಜಿನ ಪಾತ್ರೆ ಮುಚ್ಚಿದ. ಬೆಳಗಿನಿಂದ ರಾತ್ರಿಯ ತನಕ ಕಣ್ಣಿಟ್ಟು ಕಾದ. ಆ ಒಂಟಿ ಹೇನು 95 ಮರಿ ಹಾಕಿತು. ಒಂದು ಟೊಂಗೆ, ಒಂದು ಪಾತ್ರೆ, ಒಂದು ವಹಿ ಇಷ್ಟೇ ಅವನ ಪ್ರಯೋಗಶಾಲೆ. ಲಕ್ಷಗಟ್ಟಲೆ ಸುರಿದು ಕಟ್ಟಿದ ಎಷ್ಟೋ ಪ್ರಯೋಗಶಾಲೆಗಳಿಗಿಂತ ಆ ಪಾತ್ರೆಯ ಮೇಲೆ ನನಗೆ ಗೌರವ ಹೆಚ್ಚು.

ನಮ್ಮ ಕಡೆಯ ಹೇನಿಗೂ ಎಣಿಸುವವರು ಬಂದರು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೀಟತಜ್ಞರು ಎಲೆಯ ಮೇಲೆ ಚಿಕ್ಕದೊಂದು ಚೌಕ ಹಿಡಿದು ಅದರೊಳಗಿನ ಹೇನು ಎಣಿಸುವುದನ್ನು ಕೇಳಿ ಕಾಕಾ ಮೊದಲ ಬಾರಿಗೆ ವಿಜ್ಞಾನಿಗಳ ಬಗ್ಗೆ ಒಳ್ಳೆಯ ಮಾತಾಡಿದ. ಹೇನಿನ ಜೊತೆಗೆ ಅವರು ಹೇನು ತಿನ್ನುವವನ್ನೂ ಎಣಿಸಿದರು. ಡೈಫಾ ಎಂಬ ಪತಂಗದ ಹುಳು ಹೇನಿನ ಗುಂಪಿನೊಳಗೇ ಬಲೆ ನೇಯ್ದುಕೊಂಡು ಕೂತು ಅವನ್ನೇ ತಿನ್ನುತ್ತದೆ. ಮೈಕ್ರೋಮಸ್ ಎಂಬ ಕಂದು ರೆಕ್ಕೆಯ ಕೀಟದ ಮರಿಗೂ ಅದೇ ಊಟ. ಔಷಧ ಹೊಡೆದರೆ ಮೊದಲು ಸಾಯುವವರು ಈ ನೆಂಟರೇ. ಹೇನು ಮಾತ್ರ ಗಂಡಿನ ಹಂಗಿಲ್ಲದೆ ಮತ್ತೆ ತುಂಬಿಕೊಳ್ಳುತ್ತದೆ.

‘ಎಲಿ ತಿನ್ನಲಾರದ ಹುಳಾನೂ ಇರತೈತೇನೋ?’ ಎಂದು ಮಾವ ನಂಬಲಿಲ್ಲ. ಗಾಜಿನಲ್ಲಿ ತೋರಿಸಿದೆ. ಹಸಿರು ಬೂದು ಹುಳು ಬಲೆಯಿಂದ ತಲೆ ಹೊರಹಾಕಿ ಹೇನೊಂದನ್ನು ಹಿಡಿದು ಒಳಗೆ ಎಳೆಯಿತು. ಮಾವ ಬಹಳ ಹೊತ್ತು ಬಗ್ಗಿಯೇ ನೋಡಿದ. ಆಮೇಲೆ ಡೈಫಾ ಇದ್ದ ಎಲೆಗಳನ್ನು ಕೊಯ್ದು, ಹುಳು ಇಲ್ಲದ ಪಟ್ಟಿಯ ಕಬ್ಬಿಗೆ ತಾನೇ ಕಟ್ಟತೊಡಗಿದ. ಸುದ್ದಿ ಹಬ್ಬಿದ್ದೇ ತಡ, ಆಜೂಬಾಜೂ ಹೊಲದವರು ಹೆಪ್ಪು ಕೇಳಿದ ಹಾಗೆ ‘ಒಂದೀಟ ಹುಳಾ ಕೊಡ್ರಿ’ ಎನ್ನುತ್ತ ಬಂದರು. ಮಾವ ಯಾರಿಗೂ ಇಲ್ಲ ಎನ್ನಲಿಲ್ಲ, ಆದರೆ ಒಬ್ಬೊಬ್ಬರಿಗೂ ಎಣಿಸಿಯೇ ಕೊಟ್ಟ.