ಊಟದ ಚೀಟಿ

ದಸರಾ ರಜೆಯಲ್ಲಿ ಮಕ್ಕಳನ್ನು ವಂಡರ್‌ಲಾಗೆ ಕರೆದುಕೊಂಡು ಹೋಗುವುದೆಂದು ಮನೆಯಲ್ಲಿ ಮಾತಾಗಿತ್ತು. ಈ ಸಲ ಅಪ್ಪ ಅಮ್ಮನೂ ಬರುತ್ತೇವೆಂದರು. ಭಾನುವಾರ ರಾತ್ರಿ ಪಾತ್ರೆಯೆಲ್ಲ ಎತ್ತಿಟ್ಟು, ಟಿಕೆಟ್ ತೆಗೆಯೋಣವೆಂದು ಫೋನು ಹಿಡಿದು ಕೂತೆ. ಆರು ಜನ, ಬುಧವಾರ. ಅಲ್ಲಿಯವರೆಗೆ ಸಲೀಸಾಗಿ ಸಾಗಿದ ಕೆಲಸ ಒಂದು ಪ್ರಶ್ನೆಗೆ ನಿಂತುಹೋಯಿತು. ಮಧ್ಯಾಹ್ನದ ಊಟಕ್ಕೂ ಈಗಲೇ ದುಡ್ಡು ಕಟ್ಟಿಬಿಡುವುದೋ, ಹೋದ ಮೇಲೆ ನೋಡಿಕೊಳ್ಳುವುದೋ?

"ಅಲ್ಲೇ ನೋಡ್ಕೊಂಡ್ರಾಯ್ತು ಬಿಡು, ಯಾರಿಗೆ ಏನು ಬೇಕೋ ಅದು ತಿಂತಾರೆ" ಎಂದರು ಇವರು. ಮಾತು ಸರಿಯಾಗಿಯೇ ಇತ್ತು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಅಮ್ಮ. ಹೋಟೆಲಿನ ದರದ ಬೋರ್ಡನ್ನು ಮೇಲಿಂದ ಕೆಳಗಿನವರೆಗೆ ಓದಿ, "ನಂಗೆ ಹಸಿವೇ ಇಲ್ಲ ಕಣೇ, ಒಂದು ಲೋಟ ಮಜ್ಜಿಗೆ ಇದ್ರೆ ಸಾಕು" ಎನ್ನುವ ಅಮ್ಮ. ನನಗೆ ಬುದ್ಧಿ ಬಂದಾಗಿನಿಂದ ಈ ಮಾತು ಕೇಳಿದ್ದೇನೆ. ಅದು ನಿಜವಲ್ಲವೆಂದು ತಿಳಿದದ್ದು ನಾನೂ ಮಕ್ಕಳ ತಾಯಿಯಾಗಿ, ಅದೇ ಮಾತು ನನ್ನ ಬಾಯಲ್ಲೂ ಬಂದಾಗ.

ನಮ್ಮ ಮನೆಯಲ್ಲಿ ಪ್ರವಾಸದ ಊಟಕ್ಕೆ ದುಡ್ಡು ಕೊಡುವ ಅಭ್ಯಾಸವೇ ಇರಲಿಲ್ಲ. ರಾಜಾಜಿನಗರದ ಎರಡು ಕೋಣೆಯ ಬಾಡಿಗೆ ಮನೆಯಿಂದ ಬನ್ನೇರುಘಟ್ಟಕ್ಕೆ ಹೊರಟರೂ, ಮೈಸೂರಿನ ಝೂಗೆ ಹೊರಟರೂ, ಕನ್ನಂಬಾಡಿ ಕಟ್ಟೆಗೆ ಹೊರಟರೂ ಬುತ್ತಿ ಜೊತೆಗೆ ಬರುತ್ತಿತ್ತು. ನಸುಕಿನ ನಾಲ್ಕಕ್ಕೇ ಒಗ್ಗರಣೆಯ ಸದ್ದಿಗೆ ನಮಗೆ ಎಚ್ಚರ. ಚಿತ್ರಾನ್ನ ಆರುವವರೆಗೆ ಅಗಲದ ತಟ್ಟೆಯಲ್ಲಿ ಹರಡಿಟ್ಟು ಆಮೇಲೆ ಡಬ್ಬಿಗೆ ತುಂಬುತ್ತಿದ್ದಳು. ಮೊಸರನ್ನಕ್ಕೆ ಹಾಲು ಧಾರಾಳ, ಮೊಸರು ಒಂದೇ ಚಮಚ. ಮಧ್ಯಾಹ್ನ ಡಬ್ಬಿ ತೆರೆಯುವ ಹೊತ್ತಿಗೆ ಅದು ಹದವಾಗಿ ಹೆಪ್ಪುಗಟ್ಟಿರುತ್ತಿತ್ತು, ಹುಳಿಯಾಗಿರುತ್ತಿರಲಿಲ್ಲ. ಧರ್ಮಸ್ಥಳಕ್ಕೋ ಹೊರನಾಡಿಗೋ ಹೋದರೆ ದೇವಸ್ಥಾನದ ಪಂಕ್ತಿಯಲ್ಲಿ ಊಟ. ಹೀಗಾಗಿ ಅಮ್ಮನ ಲೆಕ್ಕದಲ್ಲಿ ಬಸ್ ಚಾರ್ಜು ಖರ್ಚು, ಊಟ ಖರ್ಚಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಆ ಲೆಕ್ಕ ಬದಲಿಸು ಎಂದರೆ ಹೇಗೆ ಬದಲಿಸುತ್ತಾಳೆ?

ಆದರೆ ಈ ಪಾರ್ಕಿನ ಬಾಗಿಲಲ್ಲಿ ಬುತ್ತಿ ನಡೆಯುವುದಿಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿ, ಕುಂಬಳಗೋಡು ದಾಟಿ, ಬಿಡದಿಗೆ ಸ್ವಲ್ಪ ಮುಂಚೆ ಸಿಗುವ ವಂಡರ್‌ಲಾ ಶುರುವಾದದ್ದು 2005ರಲ್ಲಿ. ಹೊರಗಿನ ಊಟ ತಿಂಡಿ ಒಳಗೆ ತರುವಂತಿಲ್ಲ ಎನ್ನುವುದು ಅಲ್ಲಿಯ ನಿಯಮ. ಮೊದಲ ಸಲ ಕೇಳಿದಾಗ ನನಗೂ ಸಿಟ್ಟು ಬಂದಿತ್ತು. ಈಗ ಅದರ ಹಿಂದಿನ ಕಾರಣ ಕಾಣುತ್ತದೆ. ಅಷ್ಟೊಂದು ಜನ ಮೈಯೆಲ್ಲ ನೆನೆಸಿಕೊಂಡು ಓಡಾಡುವ ಜಾಗದಲ್ಲಿ ಅನ್ನದ ಅಗುಳು, ಪ್ಲಾಸ್ಟಿಕ್ಕು ಕೊಳಕ್ಕೆ ಸೇರಿದರೆ ಆ ನೀರಿನಲ್ಲಿ ಆಡುವವರು ನಮ್ಮ ಮಕ್ಕಳೇ. ಒಳಗಿನ ಹೋಟೆಲುಗಳ ವ್ಯಾಪಾರವೂ ನಡೆಯಬೇಕು, ಅದನ್ನು ಮುಚ್ಚಿಡುವುದೇನೂ ಬೇಕಿಲ್ಲ. ಆದರೆ ಬುತ್ತಿಯ ದಾರಿ ಮುಚ್ಚಿದೆ ಎಂದು ಗೊತ್ತಾದ ಮೇಲೆ, ಊಟದ ದುಡ್ಡು ಯಾವಾಗ ಕೊಡಬೇಕು ಎನ್ನುವುದನ್ನಾದರೂ ನಾವು ಯೋಚಿಸಿ ಮಾಡಬೇಕು.

ಇದೇ ಲೆಕ್ಕವನ್ನು ಹೋದ ವರ್ಷ ನನ್ನ ತಂಗಿ ಅಮೆರಿಕದಲ್ಲಿ ಹಾಕಿದ್ದಳು. ನ್ಯೂಜೆರ್ಸಿಯಿಂದ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದರು. ಅಲ್ಲಿ ಮುಂಗಡ ಊಟಕ್ಕೆ ಡೈನಿಂಗ್ ಪ್ಲಾನ್ ಎನ್ನುತ್ತಾರೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ನಿಂತದ್ದು 2024ರ ಜನವರಿ 9ರಿಂದ ಮತ್ತೆ ಶುರುವಾಯಿತು. ಡಿಸ್ನಿಯ ಹೋಟೆಲಿನಲ್ಲೇ ಉಳಿದುಕೊಳ್ಳುವವರಿಗೆ ಅದು. ತೆಗೆದುಕೊಂಡರೆ ಆ ಕೋಣೆಯಲ್ಲಿರುವ ಮೂರು ವರ್ಷ ತುಂಬಿದ ಎಲ್ಲರಿಗೂ ತೆಗೆದುಕೊಳ್ಳಬೇಕು, ಇದ್ದಷ್ಟು ದಿನಕ್ಕೂ ತೆಗೆದುಕೊಳ್ಳಬೇಕು. 9 ವರ್ಷದವರೆಗೆ ಮಕ್ಕಳ ದರ, 10 ತುಂಬಿದರೆ ದೊಡ್ಡವರ ದರ. ಬಳಸದೆ ಉಳಿದ ಊಟ, ಹೊರಡುವ ದಿನದ ಮಧ್ಯರಾತ್ರಿಗೆ ಹೋಯಿತು.

ತಂಗಿ ಒಂದು ವಾರ ಕೂತು ಲೆಕ್ಕ ಹಾಕಿ ಹೇಳಿದ ಮಾತು ನನಗೆ ಹಿಡಿಸಿತು. ಊಟಕ್ಕೆ ಇಷ್ಟೆಂದು ಮುಂಚೆಯೇ ಕಟ್ಟಿದ ಮೇಲೆ, ಮೆನುವಿನಲ್ಲಿ ಬೆಲೆ ಹೆಚ್ಚಿದ್ದನ್ನು ತಿನ್ನುವವರಿಗೇ ಅದು ಗಿಟ್ಟುವುದು. ಅಲ್ಲಿ ಬೆಲೆ ಹೆಚ್ಚಿನ ತಟ್ಟೆಗಳೆಲ್ಲ ಮಾಂಸದವು, ಮೀನಿನವು. ಸೊಪ್ಪು, ಪಾಸ್ತಾ, ಬೀನ್ಸು ತಿಂದುಕೊಂಡಿರುವ ಇವರು ಅದೇ ದುಡ್ಡು ಕಟ್ಟಿ ಇನ್ನೊಬ್ಬರ ಊಟವನ್ನು ಹಗುರ ಮಾಡಿದಂತೆ. ಹತ್ತು ತುಂಬಿದ ಅವಳ ಮಗ ತಿನ್ನುವುದು ಗುಬ್ಬಚ್ಚಿಯ ಪಾಲು, ಕಟ್ಟಬೇಕಾದದ್ದು ದೊಡ್ಡವರ ಪಾಲು. ಎಲ್ಲಕ್ಕಿಂತ ಮುಖ್ಯವಾಗಿ, ಆ ಪಾರ್ಕುಗಳ ಒಳಗೆ ಮನೆಯ ತಿಂಡಿ ಬಿಡುತ್ತಾರೆ. ಅವಳು ಪ್ಲಾನು ಬೇಡವೆಂದು, ಚಪಾತಿಗೆ ಪಲ್ಯ ಸುತ್ತಿಕೊಂಡು ಹೋದಳು. "ನಿಂಗೆ ಅಲ್ಲಿ ಡಬ್ಬಿ ಒಳಗೆ ಬಿಡಲ್ವಲ್ಲ ಅಕ್ಕಾ, ನಿನ್ನ ಲೆಕ್ಕಾನೇ ಬೇರೆ" ಎಂದಳು.

ಹೌದು, ಬೇರೆಯೇ. ಅಲ್ಲಿ ಮಗುವನ್ನು ವಯಸ್ಸಿನಿಂದ ಅಳೆದರೆ ವಂಡರ್‌ಲಾದಲ್ಲಿ ಎತ್ತರದಿಂದ ಅಳೆಯುತ್ತಾರೆ. 85 ಸೆಂಟಿಮೀಟರಿಗಿಂತ ಕುಳ್ಳಗಿರುವ ಕೂಸಿಗೆ ಟಿಕೆಟ್ಟಿಲ್ಲ. ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್ಟು, ಅದು ದಾಟಿದರೆ ದೊಡ್ಡವರದು. ನಮ್ಮ ಬಸವೇಶ್ವರನಗರದ ಮನೆಯ ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲಿನ ಗೀಟುಗಳಿವೆ, ಹುಟ್ಟುಹಬ್ಬಕ್ಕೊಂದು. ಆ ರಾತ್ರಿ ಇಬ್ಬರನ್ನೂ ಮತ್ತೆ ನಿಲ್ಲಿಸಿ ಟೇಪು ಹಿಡಿದೆ. ಮಗ 146, ಮಗಳು 124. ಮಗ ದೊಡ್ಡವನಾದ. ಆದರೆ ನೀರಿಗಿಳಿದ ದಿನ ಮಗಳಿಗೆ ಬರುವ ಹಸಿವಿನ ಮುಂದೆ ಅವನ ಹಸಿವು ಏನೂ ಅಲ್ಲ. ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಅವಳಿಗೆ ಏನಾದರೂ ಬೇಕು. ಒಂದೇ ಕಡೆ ಕೂತು ಒಂದು ದೊಡ್ಡ ಊಟ ಮಾಡು ಎಂದರೆ ಎರಡು ತುತ್ತಿಗೆ ಎದ್ದುಬಿಡುತ್ತಾಳೆ.

ಮೂರು ವರ್ಷದ ಹಿಂದೆ ಬೇರೊಂದು ಪಾರ್ಕಿನಲ್ಲಿ ಇದು ಚೆನ್ನಾಗಿಯೇ ಅನುಭವವಾಗಿತ್ತು. ಊರು, ಹೆಸರು ಬೇಡ. ನಾಲ್ವರಿಗೂ ಊಟದ ಕೂಪನ್ ತೆಗೆದಿದ್ದೆ. ಮಕ್ಕಳು ಅಲೆಯ ಕೊಳ ಬಿಟ್ಟು ಮೇಲೆ ಬರಲೊಲ್ಲರು. ಕರೆದೂ ಕರೆದೂ ಸಾಕಾಗಿ, ಮೈ ಒರೆಸಿ, ಲಾಕರಿನಿಂದ ಕೂಪನ್ ತೆಗೆದುಕೊಂಡು ಓಡಿಹೋದಾಗ ಮೂರೂಕಾಲು. ಹುಡುಗನೊಬ್ಬ ಬಟ್ಟೆಯಿಂದ ಟೇಬಲ್ ಒರೆಸುತ್ತಿದ್ದ. "ಮೂರಕ್ಕೇ ಮುಗೀತು ಮೇಡಂ" ಎಂದ, ಅವನದೇ ತಪ್ಪೆಂಬ ಹಾಗೆ ತಲೆ ತಗ್ಗಿಸಿ. ಕೂಪನ್ನಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಇನ್ನೊಂದು ಸಲ ದುಡ್ಡು ಕೊಟ್ಟು ಮಕ್ಕಳಿಗೆ ನೂಡಲ್ಸ್ ಕೊಡಿಸಿದೆ. ನಾನು ನೀರು ಕುಡಿದೆ. ನಂಗೆ ಹಸಿವಿಲ್ಲ ಎಂದೆ.

ಹಾಗಾದರೆ ಕೂಪನ್ ಬೇಡ ಎಂದು ಫೋನು ಕೆಳಗಿಡಬಹುದಿತ್ತು. ಕೈ ತಡೆದದ್ದು ಅಪ್ಪನ ಮೆಸ್ಸಿನ ಕಾರ್ಡು ನೆನಪಾಗಿ.

ಅಪ್ಪ ಊರು ಬಿಟ್ಟು ಬಂದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಾಯಿಲ್ ಸುತ್ತುವ ಕೆಲಸಕ್ಕೆ ಸೇರಿದವರು. ಮೂವರು ಹುಡುಗರು ಸೇರಿ ಒಂದು ರೂಮು, ಊಟಕ್ಕೆ ಹತ್ತಿರದ ಮೆಸ್ಸು. ಸಂಬಳದ ದಿನ ಮೊದಲು ಹೋಗುತ್ತಿದ್ದದ್ದೇ ಮೆಸ್ಸಿಗಂತೆ. ತಿಂಗಳ ದುಡ್ಡು ಕಟ್ಟಿದರೆ ಹಳದಿ ರಟ್ಟಿನ ಕಾರ್ಡು ಕೊಡುತ್ತಿದ್ದರು, ಅದರಲ್ಲಿ ಅರವತ್ತು ಮನೆ. ಊಟಕ್ಕೊಂದು ಮನೆಗೆ ಗಲ್ಲಾದಲ್ಲಿ ಕೂತವರು ನೀಲಿ ಪೆನ್ಸಿಲಿನಲ್ಲಿ ಗೀಟೆಳೆಯುತ್ತಿದ್ದರು. ಉಳಿದ ದುಡ್ಡಿನಲ್ಲಿ ಊರಿಗೆ ಮನಿ ಆರ್ಡರ್, ಬಾಡಿಗೆಯ ಪಾಲು, ಬಸ್ಸು. ಇಪ್ಪತ್ತೈದನೇ ತಾರೀಖಿನ ಹೊತ್ತಿಗೆ ಜೇಬು ಖಾಲಿ. "ಆದ್ರೆ ಕಾರ್ಡು ಜೇಬಲ್ಲಿತ್ತಲ್ಲ, ಊಟಕ್ಕೆ ಯಾರ ಮುಖಾನೂ ನೋಡ್ಬೇಕಾಗಿರ್ಲಿಲ್ಲ" ಎನ್ನುತ್ತಾರೆ ಈಗಲೂ. ಊರಿಗೆ ಹೋಗಿ ಬಂದ ದಿನಗಳ ಮನೆ ಖಾಲಿ ಉಳಿದರೆ ಅದಕ್ಕೆ ದುಡ್ಡು ವಾಪಸ್ಸಿಲ್ಲ. ಆದರೆ ಯಾರಾದರೂ ನೆಂಟರು ಬಂದರೆ ಕೂರಿಸಿ ಆ ಮನೆ ತೀರಿಸಿಕೊಳ್ಳಬಹುದು.

ಮದುವೆಯಾಗಿ ಅಮ್ಮ ಬೆಂಗಳೂರಿಗೆ ಬಂದಿಳಿದ ದಿನ ಇನ್ನೂ ಸ್ಟೌವು ಬಂದಿರಲಿಲ್ಲ. ಅಪ್ಪ ಅವಳನ್ನು ಅದೇ ಮೆಸ್ಸಿಗೆ ಕರೆದುಕೊಂಡು ಹೋದರು. ಉಳಿದಿದ್ದ ಮನೆಗಳಲ್ಲಿ ಎರಡಕ್ಕೆ ಗೀಟು ಬಿತ್ತು. ಈ ಕತೆಯನ್ನು ಅಮ್ಮ ಎಷ್ಟು ಸಲ ಹೇಳಿದ್ದಾಳೋ. ಪ್ರತಿ ಸಲವೂ ಒಂದು ಮಾತು ತಪ್ಪದೆ ಬರುತ್ತದೆ: "ದುಡ್ಡು ಆಗ್ಲೇ ಕೊಟ್ಟಾಗಿದೆ ಅಂದ್ರು ನಿಮ್ಮಪ್ಪ. ಸರಿ ಹಾಗಾದ್ರೆ ಅಂತ ಎರಡು ಸಲ ಸಾರನ್ನ ಹಾಕಿಸ್ಕೊಂಡೆ."

ದುಡ್ಡು ಆಗಲೇ ಕೊಟ್ಟಾಗಿದೆ. ಇದರಲ್ಲಿ ಏನೋ ಇದೆ. ವಿಜಯನಗರ, ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಹೆಂಗಸರು ತಿಂಗಳು ತಿಂಗಳು ಪಟಾಕಿ ಚೀಟಿ, ಹಬ್ಬದ ಚೀಟಿ ಕಟ್ಟುತ್ತಾರೆ. ದೀಪಾವಳಿಯ ದಿನ ಮಗು ಸುರುಸುರುಬತ್ತಿ ಹಚ್ಚುವಾಗ ಬೆಲೆ ನೆನಪಾಗಬಾರದು, ಅಷ್ಟೇ. 1998ರಲ್ಲಿ ಡ್ರೇಜನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಲ್ಲೂ ಇಂಥದ್ದೇ ಒಂದು ಪ್ರಶ್ನೆಯಿದೆ. 1200 ಡಾಲರಿನ ಪ್ರವಾಸಕ್ಕೆ ತಿಂಗಳಿಗೆ 200ರಂತೆ ಆರು ಕಂತನ್ನು ಹೊರಡುವ ಮುಂಚೆ ಕಟ್ಟುತ್ತೀರೋ, ಬಂದ ಮೇಲೆ ಕಟ್ಟುತ್ತೀರೋ ಎಂದು ಕೇಳಿದರು. ಹೆಚ್ಚಿನವರು ಮುಂಚೆಯೇ ಎಂದರು. ಅಷ್ಟೇ ಬೆಲೆಯ ಬಟ್ಟೆ ಒಗೆಯುವ ಯಂತ್ರಕ್ಕಾದರೆ ಆಮೇಲೆ ಎಂದರು. ಯಂತ್ರ ವರ್ಷಗಟ್ಟಲೆ ಮನೆಯಲ್ಲಿರುತ್ತದೆ, ಕೊಡುತ್ತಾ ಹೋಗಬಹುದು. ಸಂತೋಷದ ದಿನ ಒಂದೇ ದಿನ, ಅದರ ಮೇಲೆ ಬಾಕಿ ಇರಬಾರದು. ನಮ್ಮ ಗಲ್ಲಿಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗೆಂದು ಎಲ್ಲರಿಗೂ ಒಂದೇ ತೀರ್ಮಾನ ಯಾಕೆ? ಆರು ಟಿಕೆಟ್ಟಿಗೆ ಆರು ಊಟ ಎಂದು ಯಾರೂ ಹೇಳಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಒಂದು ಗಂಟೆಯೊಳಗೆ ತಟ್ಟೆಯ ಮುಂದೆ ಕೂರಲೇಬೇಕು, ಅನ್ನ, ಚಪಾತಿ, ಪಲ್ಯ ಎಲ್ಲ ಇರುವ ಊಟವೇ ಬೇಕು. ಅಮ್ಮನಿಗೆ ಶನಿವಾರ ಒಪ್ಪೊತ್ತು, ಬುಧವಾರ ಆ ತೊಂದರೆಯಿಲ್ಲ. ಇವರಿಬ್ಬರೂ ನೀರಿಗಿಳಿಯುವವರಲ್ಲ, ಹೊತ್ತಿಗೆ ಸರಿಯಾಗಿ ಊಟಕ್ಕೆ ಹೋಗುವವರು. ಇಬ್ಬರಿಗೆ ಊಟ ಸೇರಿಸಿದೆ. ಮಕ್ಕಳಿಗೂ ನಮಗೂ ಬೇಡ, ಹಸಿದಾಗ ಹಸಿದಷ್ಟು. ಊಟದ ಹೊತ್ತು ಎಲ್ಲಿಂದ ಎಲ್ಲಿಯವರೆಗೆ ಎಂದು ಈ ಸಲ ಕಣ್ಣಿಗೆ ಹತ್ತಿರ ಹಿಡಿದು ಓದಿದೆ.

ಬುಧವಾರ ಬೆಳಿಗ್ಗೆ ಕೆಂಗೇರಿ ದಾಟಿದ ಮೇಲೆ ಎಕ್ಸ್‌ಪ್ರೆಸ್‌ವೇ ಹತ್ತದೆ ಸರ್ವೀಸ್ ರಸ್ತೆಯಲ್ಲೇ ಬಿಡದಿಯವರೆಗೆ ಹೋದೆವು, ತಟ್ಟೆ ಇಡ್ಲಿಗೆ. 2023ರ ಮಾರ್ಚಿನಲ್ಲಿ ಆ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮೈಸೂರಿಗೆ ಹೋಗುವವರು ಊರೊಳಗೆ ಬಾರದೆ ಹೊರಗಿನಿಂದಲೇ ದಾಟಿಹೋಗುತ್ತಾರೆ. ತಟ್ಟೆಯಷ್ಟಗಲದ ಆ ಇಡ್ಲಿ, ಮೇಲೆ ಕರಗುತ್ತಿರುವ ಬೆಣ್ಣೆಗಾಗಿ ಇಳಿದು ಬರುವುದು ನನಗೇನೂ ಹೆಚ್ಚಿನ ದಾರಿ ಅನಿಸುವುದಿಲ್ಲ. ಮಕ್ಕಳು ಎರಡೆರಡು ತಿಂದರು. ಅಮ್ಮ ಮಾಡಿ ತಂದಿದ್ದ ಚಕ್ಕುಲಿ, ಪುಳಿಯೋಗರೆ ಕಾರಿನ ಡಿಕ್ಕಿಯಲ್ಲಿ ಉಳಿಯಿತು, ಸಂಜೆಗೆ.

ಒಳಗೆ ಹೋದ ಮೇಲೆ ಅಪ್ಪನ ಗಮನವೆಲ್ಲ ಯಂತ್ರಗಳ ಮೇಲೆ. ಈ ಪಾರ್ಕು ಕಟ್ಟಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಮೊದಲು ವಿ-ಗಾರ್ಡ್ ಸ್ಟೆಬಿಲೈಸರ್ ಕಂಪನಿ ಕಟ್ಟಿದವರು ಎಂದು ಹೇಳಿದಾಗಿನಿಂದ ಅವರಿಗೆ ಇದು ತಮ್ಮ ಕಸುಬಿನವರ ಜಾಗ. ಜಯಂಟ್ ವೀಲಿನ ಮೋಟಾರಿನ ಸದ್ದು ಕೇಳುತ್ತಾ ನಿಂತುಬಿಟ್ಟಿದ್ದರು. ಒಂದು ಗಂಟೆಗೆ ನಾನೇ ಇಬ್ಬರನ್ನೂ ಊಟದ ಕಡೆ ಕರೆದುಕೊಂಡು ಹೋದೆ.

ಅಮ್ಮ ಬಾಗಿಲಲ್ಲಿ ನಿಂತು ರೂಢಿಯಂತೆ ಬೋರ್ಡು ಹುಡುಕಿದಳು. "ಎಷ್ಟೇ ಇದಕ್ಕೆ?"

"ಆಗ್ಲೇ ಕೊಟ್ಟಾಗಿದೆ ಅಮ್ಮ. ಭಾನುವಾರಾನೇ."

ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ತಟ್ಟೆ ತೆಗೆದುಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪ್ರತಿಯೊಂದು ಪಾತ್ರೆಯ ಮುಚ್ಚಳ ಎತ್ತಿ ನೋಡಿ, ಪಲ್ಯ ಸ್ವಲ್ಪ, ಸಾರು ಸ್ವಲ್ಪ, ಅಪ್ಪನ ತಟ್ಟೆಯ ಕಡೆ ಒಂದು ಕಣ್ಣು. ಅರ್ಧ ಗಂಟೆ ಬಿಟ್ಟು ನಾನು ಮಗಳಿಗೆ ಬೋಂಡಾ ಕೊಡಿಸಿಕೊಂಡು ಆ ಕಡೆ ಬಂದಾಗ ಅಪ್ಪ ಕೈ ತೊಳೆದು ಕೂತಿದ್ದರು, ಅಮ್ಮ ಕುರ್ಚಿಯಲ್ಲಿರಲಿಲ್ಲ. ಎರಡನೇ ಸಲ ಮೊಸರನ್ನ ಬಡಿಸಿಕೊಳ್ಳಲು ಸಾಲಿನಲ್ಲಿ ನಿಂತಿದ್ದಳು. "ಇವರು ಹಾಲು ಸಾಲದು ಹಾಕಿದ್ದಾರೆ" ಎಂದಳು ನನ್ನನ್ನು ಕಂಡು, ತಟ್ಟೆ ಮಾತ್ರ ಮುಂದೆ ಹಿಡಿದೇ ಇದ್ದಳು.

ಮೊನ್ನೆ ಫೋನು ಮಾಡಿದ್ದಳು. ಜನವರಿಯಲ್ಲಿ ತಂಗಿ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಾಳೆ, ಎಲ್ಲರೂ ಒಟ್ಟಿಗೆ ಎಲ್ಲಿಗಾದರೂ ಹೋಗೋಣ ಎಂದು. ಎಲ್ಲಿಗೆ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ. "ಎಲ್ಲಿಗಾದ್ರೂ ಆಗ್ಲಿ, ಶನಿವಾರ ಬೇಡ" ಎಂದಳು. "ಮತ್ತೆ ನನ್ನ ಊಟದ ಚೀಟಿ ಮುಂಚೇನೇ ತೆಗೆದಿಡು."