ಮಾರ್ಟಳ್ಳಿಯ ಸೀಮೆಯಲ್ಲಿ ಒಬ್ಬ ದಳವಾಯಿಯ ನೆನಪು

ಮಲೆ ಮಹದೇಶ್ವರನ ದರ್ಶನಕ್ಕೆಂದು ಕೊಳ್ಳೇಗಾಲದಿಂದ ಹೊರಡುವ ಯಾತ್ರಿಕರು ಹನೂರು, ಕೌದಳ್ಳಿಗಳನ್ನು ದಾಟಿ, ತಾಳಬೆಟ್ಟದ ತಿರುವುಗಳನ್ನೇರಿ, ದೇವರ ಸನ್ನಿಧಿಯನ್ನು ಸೇರಿಬಿಡುತ್ತಾರೆ. ಅದೇ ಸೀಮೆಯಲ್ಲಿ, ಯಾತ್ರೆಯ ಹೆದ್ದಾರಿಯಿಂದ ಒಂದಿಷ್ಟು ಸರಿದು ಕುಳಿತಿರುವ ಮಾರ್ಟಳ್ಳಿಯತ್ತ ಅವರ ಗಮನ ಹರಿಯುವುದು ಕಡಿಮೆ. ಅಲ್ಲಿ ಗೋಪುರಗಳ ಸಾಲಿಲ್ಲ. ಶಿಲ್ಪ ತುಂಬಿದ ಮಂಟಪಗಳಿಲ್ಲ. ಆದರೆ ನಾಡಿನ ಇತಿಹಾಸವನ್ನು ಪುಸ್ತಕದ ಹಾಳೆಗಳಲ್ಲಿ ಮಾತ್ರವಲ್ಲದೆ ನೆಲದ ಏರಿಳಿತಗಳಲ್ಲಿಯೂ ಓದಬಯಸುವವರಿಗೆ ಈ ಊರು ಒಂದು ಒಳ್ಳೆಯ ಅಧ್ಯಾಯವೇ ಸರಿ. ರಜೆಯ ದಿನಗಳಲ್ಲಿ ನಾವು ಮೂವರು ಉಪಾಧ್ಯಾಯ ಮಿತ್ರರು ಅಲ್ಲಿಗೆ ಹೋಗಿದ್ದುದು ಇಂಥ ಓದಿಗಾಗಿಯೇ.

ಹನೂರನ್ನು ಬಿಟ್ಟ ಮೇಲೆ ನೆಲದ ಚಹರೆಯೇ ಬದಲಾಗುತ್ತದೆ. ಮೈಸೂರು ಸೀಮೆಯ ಗದ್ದೆ ತೋಟಗಳ ತಂಪು ಹಿಂದಾಗಿ, ಕುರುಚಲು ಕಾಡು, ಕಲ್ಲು ಗುಡ್ಡ, ನಡುನಡುವೆ ಮಳೆಯನ್ನೇ ನಂಬಿದ ಹೊಲಗಳು ಎದುರಾಗುತ್ತವೆ. ದಿಗಂತದ ಸುತ್ತಲೂ ಬೆಟ್ಟಗಳು ಒಂದರ ಹೆಗಲ ಮೇಲೊಂದು ಕೈಯಿಟ್ಟಂತೆ ನಿಂತಿವೆ. ಪಶ್ಚಿಮ ಘಟ್ಟವೂ ಪೂರ್ವ ಘಟ್ಟವೂ ಒಂದನ್ನೊಂದು ಸಂಧಿಸುವ ನಾಡಿದು. ಮಾರ್ಟಳ್ಳಿಯಲ್ಲಿ ತಮಿಳನ್ನಾಡುವ ಕ್ರೈಸ್ತ ಕುಟುಂಬಗಳು ಹೆಚ್ಚು. ಚರ್ಚಿನ ಗಂಟೆ, ಅಂಗಡಿಯ ಮುಂದಿನ ತಮಿಳು ಮಾತು, ಶಾಲೆಯ ಹಲಗೆಯ ಮೇಲಿನ ಕನ್ನಡ ಅಕ್ಷರ, ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವವರ ಉಘೇ ಉಘೇ, ಇವೆಲ್ಲವೂ ಒಂದೇ ಬೆಳಗಿನಲ್ಲಿ ಕಿವಿಗೂ ಕಣ್ಣಿಗೂ ಬೀಳುವ ಊರುಗಳು ನಮ್ಮಲ್ಲಿ ಎಷ್ಟಿವೆ?

ಈ ಸೀಮೆಯನ್ನು ಹಾದುಹೋಗುತ್ತಿದ್ದ ಹಳೆಯ ಹಾದಿ ಕಾವೇರಿಪುರದ ಘಟ್ಟದ್ದು. ಮೈಸೂರಿನ ಮೇಲ್ನಾಡಿನಿಂದ ತಮಿಳು ಬಯಲಿಗೆ ಇಳಿಯಲು ಮುಖ್ಯವಾಗಿದ್ದ ಕಣಿವೆಗಳಲ್ಲಿ ಗಜ್ಜಲಹಟ್ಟಿಯದು ಒಂದಾದರೆ ಕಾವೇರಿಪುರದ್ದು ಇನ್ನೊಂದು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಮೈಸೂರು ಸೀಮೆಯ ಕೃಷಿ, ವಾಣಿಜ್ಯ, ಜನಜೀವನಗಳನ್ನು ಸಮೀಕ್ಷಿಸುತ್ತ ಕೊಳ್ಳೇಗಾಲ, ಹನೂರು, ಕೌದಳ್ಳಿಗಳ ಮೂಲಕ ಕಾವೇರಿಪುರಕ್ಕೆ ಇಳಿದುದು ಈ ಹಾದಿಯಲ್ಲಿಯೇ. ವರ್ತಕನ ಎತ್ತುಗಳು ನಡೆದ ದಾರಿಯಲ್ಲಿ ದಂಡೂ ನಡೆಯುತ್ತದೆ. ದಂಡು ನಡೆದ ದಾರಿಯಲ್ಲಿ ರಾಜ್ಯಗಳ ಭಾಗ್ಯವೂ ಏರಿಳಿಯುತ್ತದೆ. ಇಲ್ಲಿ ನಿಂತು ಆಗ್ನೇಯದ ಕಡೆ ನೋಡುವವನಿಗೆ, ಘಟ್ಟದ ಕೆಳಗಿನ ಆ ಬಯಲಿನ ಆಸೆಯಿಂದ ತಾನೂ ಕೆಟ್ಟು ನಾಡನ್ನೂ ಕೆಡಿಸಿದ ಒಬ್ಬ ಪ್ರಬಲ ಪುರುಷನ ನೆನಪು ಬಾರದಿರದು. ಅವನೇ ಕರಾಚೂರಿ ನಂಜರಾಜಯ್ಯ.

ಕಳಲೆಯ ದಳವಾಯಿ ಮನೆತನದ ಈ ನಂಜರಾಜನೂ ಅವನ ಅಣ್ಣ ದೇವರಾಜಯ್ಯನೂ ಹದಿನೆಂಟನೆಯ ಶತಮಾನದ ನಡುವೆ ಮೈಸೂರಿನ ನಿಜವಾದ ಒಡೆಯರಾಗಿದ್ದರು. ಸಿಂಹಾಸನದ ಮೇಲೆ ಇಮ್ಮಡಿ ಕೃಷ್ಣರಾಜ ಒಡೆಯರು. ಖಜಾನೆಯ ಬೀಗದ ಕೈ, ಸೈನ್ಯದ ಹಗ್ಗ ಈ ಸೋದರರ ಮುಷ್ಟಿಯಲ್ಲಿ. ರಾಜನು ನಂಜರಾಜನಿಗೆ ಅಳಿಯನೂ ಆಗಿದ್ದನು.

ಆಗ ಘಟ್ಟದ ಕೆಳಗೆ ಆರ್ಕಾಟಿನ ನವಾಬಗಿರಿಗಾಗಿ ಎರಡು ಮನೆತನಗಳ ನಡುವೆ ಘೋರ ಕಲಹ ನಡೆದಿತ್ತು. 1749ರಲ್ಲಿ ಆಂಬೂರಿನ ಕಾಳಗದಲ್ಲಿ ನವಾಬ ಅನ್ವರುದ್ದೀನನು ಮಡಿದನು. ಅವನ ಮಗ ಮಹಮದಾಲಿಯು ತಿರುಚಿರಾಪಳ್ಳಿಯ ಕೋಟೆಯನ್ನು ಹೊಕ್ಕು ಇಂಗ್ಲಿಷರ ಆಸರೆ ಪಡೆದನು. ಎದುರಾಳಿ ಚಂದಾ ಸಾಹೇಬನು ಫ್ರೆಂಚರ ಬೆಂಬಲದಿಂದ ಆ ಕೋಟೆಯನ್ನು ಮುತ್ತಿದನು. ದಿಕ್ಕುಗಾಣದ ಮಹಮದಾಲಿಯು ಶ್ರೀರಂಗಪಟ್ಟಣಕ್ಕೆ ದೂತರನ್ನಟ್ಟಿ, ತನ್ನನ್ನು ಉಳಿಸಿದರೆ ತಿರುಚಿರಾಪಳ್ಳಿಯನ್ನೇ ಮೈಸೂರಿಗೆ ಬಿಟ್ಟುಕೊಡುವುದಾಗಿ ಮಾತು ಕೊಟ್ಟನು. ಹಿರಿಯನಾದ ದೇವರಾಜಯ್ಯನಿಗೆ ಈ ಸಾಹಸ ಹಿಡಿಸಲಿಲ್ಲ. ತಮ್ಮನು ಕೇಳಲಿಲ್ಲ. ಗುತ್ತಿಯ ಮುರಾರಿರಾಯ ಘೋರ್ಪಡೆಯ ಮರಾಠಾ ಕುದುರೆ ಸವಾರರನ್ನು ಸಂಬಳಕ್ಕೆ ಕೂಡಿಸಿಕೊಂಡು, 1752ರ ಆರಂಭದಲ್ಲಿ ಅವನು ತಿರುಚಿರಾಪಳ್ಳಿಗೆ ಬಂದಿಳಿದನು. ಆ ದಂಡಿನಲ್ಲಿ ಹೈದರಾಲಿ ಎಂಬ ಸರದಾರನೊಬ್ಬನೂ ಇದ್ದನು.

ಅದೇ ವರ್ಷದ ಜೂನ್ ತಿಂಗಳಲ್ಲಿ ಚಂದಾ ಸಾಹೇಬನು ತಂಜಾವೂರಿನ ಸೇನಾಪತಿಗೆ ಶರಣಾಗಿ ತಲೆಯನ್ನು ಕಳೆದುಕೊಂಡನು. ಶ್ರೀರಂಗದಲ್ಲಿದ್ದ ಫ್ರೆಂಚರೂ ಆಯುಧವನ್ನಿಟ್ಟರು. ಜಯವೇನೋ ದೊರೆಯಿತು, ಕೊಟ್ಟ ಮಾತು ಎಲ್ಲಿ? ನಂಜರಾಜನು ಕೋಟೆಯನ್ನು ಕೇಳಿದಾಗ ಮಹಮದಾಲಿಯು ಎರಡು ತಿಂಗಳ ಗಡುವು ಬೇಡಿದನು. ಶ್ರೀರಂಗ ದ್ವೀಪದ ಹುಟ್ಟುವಳಿಯನ್ನು ಬಿಟ್ಟುಕೊಟ್ಟು, ಮೈಸೂರಿನ 700 ಮಂದಿ ಸಿಪಾಯಿಗಳನ್ನು ಕೋಟೆಯೊಳಕ್ಕೆ ಬಿಟ್ಟುಕೊಂಡು, ಕೋಟೆಯನ್ನು ಮಾತ್ರ ಕೈಬಿಡಲಿಲ್ಲ. ಗಡುವು ಕಳೆಯಿತು, ನೆಪಗಳು ಬೆಳೆದವು. ವಂಚಿತನಾದೆನೆಂದು ಕಂಡುಕೊಂಡ ನಂಜರಾಜನು ನಿನ್ನೆ ಯಾರ ಮೇಲೆ ಫಿರಂಗಿ ಹೂಡಿದ್ದನೋ ಅವರನ್ನೇ ಸೇರಿದನು. 1752 ಮುಗಿಯುವ ವೇಳೆಗೆ ಮೈಸೂರಿನ ದಂಡು ಫ್ರೆಂಚರ ಪಕ್ಷದಲ್ಲಿತ್ತು; ತಾನು ಉಳಿಸಿದ ಕೋಟೆಯನ್ನು ತಾನೇ ಮುತ್ತಿತ್ತು.

ಇಂಗ್ಲೆಂಡಿನ ಚರಿತ್ರೆಯನ್ನು ಓದಿದವರಿಗೆ ಇಲ್ಲಿ ವಾರಿಕ್ಕಿನ ಅರ್ಲ್ ರಿಚರ್ಡ್ ನೆವಿಲನ ನೆನಪಾಗದೆ ಇರದು. ಯಾರ್ಕ್ ಮತ್ತು ಲಂಕಾಸ್ಟರ್ ವಂಶಗಳ ನಡುವಣ ಗುಲಾಬಿ ಯುದ್ಧಗಳಲ್ಲಿ ಅವನು 1461ರಲ್ಲಿ ನಾಲ್ಕನೆಯ ಎಡ್ವರ್ಡನನ್ನು ಪಟ್ಟಕ್ಕೇರಿಸಲು ಹೆಗಲು ಕೊಟ್ಟನು. ಆ ರಾಜನು ತನ್ನ ಮಾತಿಗೆ ಸೊಪ್ಪು ಹಾಕದಿದ್ದಾಗ ವೈರಿಪಕ್ಷವನ್ನು ಸೇರಿ, 1470ರಲ್ಲಿ ಪದಚ್ಯುತನಾಗಿದ್ದ ಆರನೆಯ ಹೆನ್ರಿಯನ್ನೇ ಮತ್ತೆ ಸಿಂಹಾಸನದಲ್ಲಿ ಕೂರಿಸಿದನು. ಮರುವರ್ಷ ಬಾರ್ನೆಟ್ಟಿನ ರಣದಲ್ಲಿ ಹತನಾದನು. ರಾಜರನ್ನು ಮಾಡುವವನೆಂದು ಅವನನ್ನು ಜನ ಕರೆದರು. ನಮ್ಮ ನಂಜರಾಜನಿಗೆ ರಣಮರಣದ ಗೌರವವೂ ದಕ್ಕಲಿಲ್ಲ.

ಅವನು ಶ್ರೀರಂಗದಲ್ಲಿ ಬೀಡುಬಿಟ್ಟು ಮೂರು ವರ್ಷ ಕಾದನು. ಕೂಲಿಗೆ ಬಂದ ಮುರಾರಿರಾಯನು 1754ರಲ್ಲಿ ಕೈಬಿಟ್ಟು ನಡೆದನು. ಫ್ರೆಂಚರು ತಮ್ಮ ದ್ಯೂಪ್ಲೆಯನ್ನು ಸ್ವದೇಶಕ್ಕೆ ಕರೆಸಿಕೊಂಡು ಇಂಗ್ಲಿಷರೊಡನೆ ಕದನವಿರಾಮ ಮಾಡಿಕೊಂಡರು. ಮೈಸೂರಿನ ಹಕ್ಕನ್ನು ನೆನೆದವರೇ ಇಲ್ಲ. 1755ರಲ್ಲಿ ನಿಜಾಮ ಸಲಾಬತ್ ಜಂಗನು ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಕಪ್ಪ ಕೇಳಲು ಶ್ರೀರಂಗಪಟ್ಟಣಕ್ಕೆ ಬಂದನು. ಘಟ್ಟದ ಕೆಳಗೆ ಮೈಸೂರಿನ ಮಿತ್ರರಾಗಿದ್ದ ಫ್ರೆಂಚರು ಘಟ್ಟದ ಮೇಲೆ ಮೈಸೂರನ್ನು ಸುಲಿಯಲು ಬಂದವರ ಜೊತೆಗಿದ್ದರು! ನಂಜರಾಜನು ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಒಪ್ಪಿಕೊಂಡ 56 ಲಕ್ಷ ರೂಪಾಯಿಗಳ ಕಪ್ಪಕ್ಕಾಗಿ ದೇವಾಲಯಗಳ ಒಡವೆಗಳೂ ಕರಗಿದವು. 1757ರಲ್ಲಿ ಪೇಶ್ವೆಯ ದಂಡು ಬಂದು ಮತ್ತೆ 32 ಲಕ್ಷ ಕೇಳಿತು.

ಬೊಕ್ಕಸ ಬರಿದಾದ ಮನೆಯಲ್ಲಿ ನಿಷ್ಠೆಯೂ ಬರಿದಾಗುತ್ತದೆ. ದಳವಾಯಿಗಳ ಹಿಡಿತದಿಂದ ಬಿಡಿಸಿಕೊಳ್ಳಲು ತರುಣ ರಾಜನು ಹವಣಿಸಿದಾಗ ನಂಜರಾಜನು ಬಲಾತ್ಕಾರದಿಂದ ಅರಮನೆಯನ್ನು ಹೊಕ್ಕು, ರಾಜನ ಪಕ್ಷದವರನ್ನು ರಾಜನೆದುರಿನಲ್ಲಿಯೇ ಅಂಗಹೀನರನ್ನಾಗಿ ಮಾಡಿಸಿದನು. ಇದಕ್ಕೆ ಹೇಸಿದ ಅಣ್ಣ ದೇವರಾಜಯ್ಯನು ಪಟ್ಟಣವನ್ನು ಬಿಟ್ಟು, ಘಟ್ಟದ ಕೆಳಗಿನ ಸತ್ಯಮಂಗಲಕ್ಕೆ ಹೋಗಿ ನೆಲೆಸಿದನು. 1758ರಲ್ಲಿ ರಾಜಿಯಾಯಿತಾದರೂ ಅಣ್ಣನು ಬಹುಕಾಲ ಬದುಕಲಿಲ್ಲ. ಸಂಬಳದ ಬಾಕಿಗಾಗಿ ಸಿಪಾಯಿಗಳು ನಂಜರಾಜನ ಬಾಗಿಲಿನಲ್ಲಿ ಧರಣಿ ಕುಳಿತರು. ತಾನೇ ಮೇಲೆತ್ತಿದ ಹೈದರನು ಆ ಬಾಕಿಯ ಲೆಕ್ಕವನ್ನು ಬಗೆಹರಿಸುವ ನೆಪದಲ್ಲಿ ಅವನ ಅಧಿಕಾರವನ್ನೇ ಬಗೆಹರಿಸಿದನು. 1759ರಲ್ಲಿ ನಂಜರಾಜನು ಜಹಗೀರಿನ ನಿವೃತ್ತನಾದನು.

ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಹೈದರನಿಗೆ ನೆಚ್ಚಿನ ಬಂಟನಾಗಿದ್ದ ಖಂಡೇರಾಯನು 1760ರ ಆಗಸ್ಟ್ ತಿಂಗಳಲ್ಲಿ ರಾಜಮಾತೆಯ ಪಕ್ಷವನ್ನು ಸೇರಿ, ಮರಾಠರನ್ನು ಕರೆಸಿ, ಒಡೆಯನ ಮೇಲೆಯೇ ತಿರುಗಿ ನಿಂತನು. ಹೈದರನು ಹೆಂಡಿರು ಮಕ್ಕಳನ್ನು ಬಿಟ್ಟು ರಾತ್ರೋರಾತ್ರಿ ಕಾವೇರಿಯನ್ನು ದಾಟಿ ಆನೇಕಲ್ಲಿನ ಮೂಲಕ ಬೆಂಗಳೂರಿಗೆ ಓಡಿದನು. ಮರುವರ್ಷ ನಂಜನಗೂಡಿನ ಬಳಿ ಕಾದಿ ಸೋತು, ಕೊಣನೂರಿನಲ್ಲಿದ್ದ ನಂಜರಾಜನ ಕಾಲಿಗೆ ಬಿದ್ದು, ಹಳೆಯ ಒಡೆಯನಾಗಿ ನೀವೇ ಬರಬೇಕೆಂದು ಬೇಡಿದನು. ತನ್ನನ್ನು ಕೆಳಗಿಳಿಸಿದವನ ಮಾತನ್ನು ನಂಜರಾಜನು ನಂಬಿದನು. ಒಡನೆಯೇ ಅವನ ಮುದ್ರೆಯೊತ್ತಿದ ಕಪಟ ಪತ್ರಗಳು ಹೊರಟವು. ಖಂಡೇರಾಯನ ಸರದಾರರು ಅವನನ್ನು ಹಿಡಿದೊಪ್ಪಿಸಲು ಒಪ್ಪಿರುವರೆಂಬ ಧ್ವನಿಯ ಆ ಪತ್ರಗಳು, ಹೈದರನು ಹವಣಿಸಿದ್ದಂತೆಯೇ, ಖಂಡೇರಾಯನ ಕೈಗೆ ಸಿಕ್ಕಿದವು. ಅವನು ಎದೆಗೆಟ್ಟು, ದಂಡನ್ನು ಬಿಟ್ಟು ಕುದುರೆಯೇರಿ ಓಡಿದನು. 1761ರಲ್ಲಿ ರಾಜಧಾನಿ ಹೈದರನ ವಶವಾಯಿತು. ಗಿಳಿಯಂತೆ ಸಾಕುವೆನೆಂದು ಹೇಳಿ ಅವನು ಖಂಡೇರಾಯನನ್ನು ಪಂಜರದಲ್ಲಿಟ್ಟು ಹಾಲು ಅನ್ನ ಕೊಡಿಸಿದ ಕಥೆ ಪ್ರಸಿದ್ಧವಾಗಿದೆ. ನಂಜರಾಜನಿಗೂ ಹಳೆಯ ಪದವಿ ದೊರೆಯಲಿಲ್ಲ. ಕೆಲವು ವರ್ಷಗಳ ಮೇಲೆ ದೊರೆತುದು ಶ್ರೀರಂಗಪಟ್ಟಣದ ಕಾವಲು.

ಆ ಕಪಟ ಪತ್ರಗಳು ಕೆಲಸ ಮಾಡಿದುದೇಕೆ ಎಂಬುದನ್ನು ನಾವು ಯೋಚಿಸಬೇಕು. ಖಂಡೇರಾಯನು ದಡ್ಡನಾಗಿರಲಿಲ್ಲ. ಆದರೆ ತಾನೇ ಒಡೆಯನನ್ನು ಬಿಟ್ಟು ಬಂದವನಿಗೆ ತನ್ನ ಕೈಕೆಳಗಿನವರು ತನ್ನನ್ನು ಬಿಟ್ಟಾರೆಂಬುದು ನಂಬಲಾರದ ಸಂಗತಿಯೇನಲ್ಲ. ನಿಷ್ಠೆ ಸಂತೆಯ ಸರಕಾದ ಕಾಲದಲ್ಲಿ ಸುಳ್ಳು ಕಾಗದಕ್ಕೂ ನಿಜದ ಬೆಲೆ ಬರುತ್ತದೆ. ನಂಜರಾಜನನ್ನು ದ್ರೋಹಿಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ತಿರುಚಿರಾಪಳ್ಳಿಯಲ್ಲಿ ಮೊದಲು ಮಾತು ಮುರಿದವನು ಅವನಲ್ಲ. ಆದರೆ ಒಂದು ಕೋಟೆಯ ಆಸೆಗಾಗಿ ಪಕ್ಷ ಬದಲಿಸಿದವನು ಆ ಕೋಟೆಯೊಂದನ್ನುಳಿದು ಬೇರೆ ಯಾವುದಕ್ಕೂ ನಿಷ್ಠನಾಗಿ ಉಳಿಯಲಿಲ್ಲ. ಅಣ್ಣನಿಗಿಲ್ಲ, ಅಳಿಯನಾದ ರಾಜನಿಗಿಲ್ಲ, ತೆರಿಗೆ ತೆತ್ತ ಪ್ರಜೆಗಿಲ್ಲ. ಅವನ ಪತನದ ಗುಟ್ಟು ಇಲ್ಲಿದೆ.

ವಿಚಿತ್ರವೆಂದರೆ ಈತನು ಸರಸ್ವತಿಯ ಭಕ್ತನೂ ಹೌದು. ಕನ್ನಡ ಗದ್ಯದಲ್ಲಿ ಶಿವಪಾರಮ್ಯದ ಹಲವು ಕೃತಿಗಳು ಅವನ ಹೆಸರಿನಲ್ಲಿವೆ. ಸಂಸ್ಕೃತದ ‘ಸಂಗೀತ ಗಂಗಾಧರ’ ಅವನದು. ಅವನ ಆಶ್ರಯದಲ್ಲಿದ್ದ ನರಸಿಂಹ ಕವಿಯು ‘ನಂಜರಾಜಯಶೋಭೂಷಣ’ವೆಂಬ ಅಲಂಕಾರ ಗ್ರಂಥವನ್ನು ಅವನ ಕೀರ್ತಿಗೆಂದೇ ಬರೆದನು. ಕತ್ತಿಯಿಂದ ಗಳಿಸಲಾಗದ ಯಶಸ್ಸು ಕಂಠದಿಂದ ಉಳಿಯಿತು.

ಇನ್ನು ಮಾರ್ಟಳ್ಳಿಯ ಮಾತು. ನಂಜರಾಜನ ಕಾಲದಲ್ಲಿ ಈ ಸೀಮೆ ಮೈಸೂರಿನದು, ಆಮೇಲೆ ಹೈದರ್–ಟಿಪ್ಪುಗಳದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಸೀಮೆ ಕಂಪನಿಯ ಪಾಲಿಗೆ ಬಂದು ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ಮತ್ತೆ ಮೈಸೂರಿಗೆ ಬಂದಿತು; 1973ರಲ್ಲಿ ಆ ರಾಜ್ಯವೇ ಕರ್ನಾಟಕವಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಈಗ ಹನೂರೇ ಒಂದು ತಾಲ್ಲೂಕು. ಇಷ್ಟು ಬಾರಿ ಒಡೆಯರು ಬದಲಾದರೂ ಇಲ್ಲಿನ ಒಕ್ಕಲು ಪಕ್ಷಾಂತರ ಮಾಡಿದ ಅಪವಾದಕ್ಕೆ ಗುರಿಯಾಗಲಿಲ್ಲ. ತಾತನ ಕಾಲದಲ್ಲಿ ಜಿಲ್ಲಾ ಕಚೇರಿಯ ಕೆಲಸಕ್ಕೆ ಕೊಯಮತ್ತೂರಿಗೆ ಹೋದವರ ಮೊಮ್ಮಕ್ಕಳು ಇಂದು ಚಾಮರಾಜನಗರಕ್ಕೆ ಹೋಗುತ್ತಾರೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಎರಡಕ್ಕೂ ಒಂದೇ ನಾಲಗೆ. ಕಲ್ಲು ಆಯ್ದು ಹದಮಾಡಿದ ತುಂಡು ಹೊಲವೇ ಅವರ ನಿಷ್ಠೆಯ ಕೋಟೆ.

ಘಟ್ಟದ ಕೆಳಗೆ ಆ ಹಳೆಯ ಹಾದಿ ಇಳಿಯುತ್ತಿದ್ದ ಕಡೆ ಈಗ ಮೆಟ್ಟೂರಿನ ಜಲಾಶಯ ಹರಡಿಕೊಂಡಿದೆ. 1934ರಲ್ಲಿ ಅಣೆಕಟ್ಟು ಮುಗಿದಾಗ ದಡದ ಅನೇಕ ಹಳ್ಳಿಗಳು ಮುಳುಗಿದವು. ನೀರು ಬಹಳ ತಗ್ಗಿದ ಬೇಸಗೆಗಳಲ್ಲಿ ಪಣ್ಣವಾಡಿಯ ಹತ್ತಿರ ಹಳೆಯ ಶಿವಾಲಯದ ನಂದಿಯೂ ಹಳೆಯ ಚರ್ಚಿನ ಗೋಪುರಗಳೂ ಒಟ್ಟಿಗೆ ಮೇಲೆ ಕಾಣಿಸಿಕೊಳ್ಳುತ್ತವೆ. ಮಾದಪ್ಪನ ಬೆಟ್ಟಕ್ಕೆ ಹೋಗುವ ಓದುಗರು ಒಂದು ದಿನವನ್ನು ಉಳಿಸಿಕೊಂಡು ಮಾರ್ಟಳ್ಳಿಯನ್ನೂ ನೋಡಿ ಬರಲಿ. ಕೊಳ್ಳೇಗಾಲವನ್ನು ಬೆಳಗ್ಗೆ ಬೇಗ ಬಿಟ್ಟರೆ ಬಿಸಿಲೇರುವ ಮೊದಲು ಊರು ಸೇರಬಹುದು. ಕಾಡಿನ ಸೀಮೆಯಾದುದರಿಂದ ಕತ್ತಲಾಗುವ ಮುನ್ನ ಹಿಂದಿರುಗುವುದು ಲೇಸು.